ಅರ ಹಾಕಿ ಉಜ್ಜಿದ ಪದಕ

ಸೇನೆಯ ಉಗ್ರಾಣದ ನಿವೃತ್ತ ಗುಮಾಸ್ತ ಕುಂಟು ದರ್ಜಿಯ ಅಂಗಡಿಗೆ ಬಂದ. ನಾಳೆ ಶಾಲೆಯಲ್ಲಿ ಅವನ ಭಾಷಣ. ಕೋಟಿಗೆ ಯುದ್ಧದ ಪದಕ ಹೊಲಿಸಬೇಕಿತ್ತು.

“ಗುಂಡು ಇಲ್ಲೇ ಹೊಕ್ಕಿತ್ತು ಕಣಯ್ಯಾ,” ಎಂದು ಎದೆ ತಟ್ಟಿಕೊಂಡ. ಇಪ್ಪತ್ತು ವರ್ಷದಿಂದ ಆ ಎದೆಯ ಅಳತೆ ತೆಗೆಯುತ್ತಿದ್ದ ದರ್ಜಿಗೆ ಅಲ್ಲಿ ಬೊಜ್ಜು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಅವನು ಸೂಜಿಗೆ ದಾರ ಪೋಣಿಸಿದ.

“ಇಷ್ಟು ವರ್ಷ ಕೇಳೇ ಇಲ್ಲ ನೋಡು, ನಿನ್ನ ಕಾಲಿಗೇನಾಯ್ತು?” ಎಂದು ಗುಮಾಸ್ತ ಕೇಳಿದ.

“ಸೈಕಲ್ಲಿಂದ ಬಿದ್ದೆ ಸಾರ್.”

ಗಡಿಯಲ್ಲಿ ಆ ಕಾಲಿಗೆ ಗುಂಡು ಬಿದ್ದ ವರ್ಷ ಕೊಟ್ಟ ಅಂಥದೇ ಪದಕ ದರ್ಜಿಯ ಗುಂಡಿ ಡಬ್ಬಿಯ ತಳದಲ್ಲಿತ್ತು. ಅದರ ಅಂಚಿನಲ್ಲಿ ಅವನ ಹೆಸರು ಕೆತ್ತಿತ್ತು. ಗುಮಾಸ್ತನ ಪದಕವನ್ನೂ ತಿರುಗಿಸಿ ನೋಡಿದ. ಹೆಸರಿರಬೇಕಾದ ಕಡೆ ಅರ ಹಾಕಿ ಉಜ್ಜಿದ ಗೀರುಗಳಿದ್ದವು.

ದರ್ಜಿ ಸೂಜಿ ಕೆಳಗಿಟ್ಟ. “ಇಲ್ಲಿ ಒಬ್ಬನ ಹೆಸರಿತ್ತು ಸಾರ್. ಅದನ್ನ ಮತ್ತೆ ಕೆತ್ತಿಸ್ಕೊಂಡು ಬನ್ನಿ, ಹೊಲಿದು ಕೊಡ್ತೀನಿ.”