ಸಮುದ್ರದ ತಳದಿಂದ ಬಂದ ಕಲ್ಲು

ತಿಲಕ್ ನಗರದ ವನಿತಾ ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಉಜ್ಜಬಲ್ಲವಳು. ಜೆ.ಪಿ. ನಗರದ ಒಂದು ಭೂವಿಜ್ಞಾನ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸವೇ ಅದು. ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವವರೆಗೂ ಉಜ್ಜಿ, ಮೈಕ್ರೋಸ್ಕೋಪಿನ ಮುಂದೆ ಕೂತವರಿಗೆ ಕೊಡಬೇಕು. ಅಲ್ಲಿನ ಕಿರಿಯ ಸಹೋದ್ಯೋಗಿ ಸ್ಪಂದನಾಗೆ ಈ ಕೆಲಸ ಕಲಿಸಿದವಳೂ ಅವಳೇ.

ಆದರೆ ಹಡಗು ಹತ್ತಿದ್ದು ಸ್ಪಂದನಾ.

ಹಿಂದೂ ಮಹಾಸಾಗರದ ತಳದಿಂದ ಕಲ್ಲು ಎತ್ತಿ ತರುವ ಹಡಗಿನಲ್ಲಿ ಲ್ಯಾಬಿಗೆ ಒಂದೇ ಜಾಗ ಸಿಕ್ಕಿತ್ತು. ಮುಖ್ಯಸ್ಥ ಸೋಮನಾಥ್ ಮೊದಲು ಕೇಳಿದ್ದು ವನಿತಾಳನ್ನು. "ಮನೇಲಿ ಕೇಳಿ ಹೇಳ್ತೀನಿ ಸಾರ್" ಎಂದಳು. ನಲವತ್ತು ದಿನ ನೀರಿನ ಮೇಲಿರಬೇಕು ಎಂಬ ಮಾತನ್ನು ಗಂಡ ಪ್ರಸನ್ನನ ಮುಂದೆ ತೆಗೆಯಲು ಅವಳಿಗೆ ನಾಲ್ಕು ದಿನ ಹಿಡಿಯಿತು. ಅವನೇನೋ "ಹೋಗ್ಬಾ, ಅದಕ್ಕೇನಂತೆ" ಎಂದುಬಿಟ್ಟ. ಅಷ್ಟರಲ್ಲಿ ಸ್ಪಂದನಾಳ ಹೆಸರು ಹೋಗಿಯಾಗಿತ್ತು.

ಸ್ಪಂದನಾ ವಾಪಸ್ ಬಂದ ದಿನ ಲ್ಯಾಬೆಲ್ಲ ಅವಳ ಸುತ್ತಲೇ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

"ಅಲ್ಲಿ ಸಮುದ್ರದ ತಳಾನೇ ಎರಡು ಕಡೆಗೆ ಸರೀತಾ ಇದೆ. ವರ್ಷಕ್ಕೆ ಒಂದೆರಡು ಇಂಚು, ಅಷ್ಟೇ. ಆ ಸಂದೀಲಿ ಕೆಳಗಿಂದ ಲಾವಾ ಉಕ್ಕತ್ತೆ, ತಣ್ಣೀರು ತಾಗಿದ್ದೇ ದಿಂಬಿನ ಥರ ಉಬ್ಬಿ ಗಟ್ಟಿಯಾಗತ್ತೆ. ಹೊಸ ತಳ ಹುಟ್ಟೋದೇ ಹಾಗೆ!"

ಇದನ್ನೆಲ್ಲ ಅವಳಿಗೆ ಮೂರು ವರ್ಷದ ಹಿಂದೆ, ಊಟದ ಡಬ್ಬಿ ಬಿಚ್ಚಿಕೊಂಡು ಹೇಳಿಕೊಟ್ಟವಳು ವನಿತಾ. ಈಗ ಅದೇ ಮಾತು ಅಲ್ಲಿಗೇ ಹೋಗಿಬಂದವಳ ಬಾಯಲ್ಲಿ ಹೊಸದಾಗಿ ಕೇಳುತ್ತಿತ್ತು. ವನಿತಾಗೆ ಹೊಟ್ಟೆ ಉರಿಯಿತು.

"ಅಕ್ಕಾ, ಚಾಕ್ಲೇಟ್ ತಗೊಳ್ಳಿ."

"ಬೇಡಮ್ಮ, ಶುಗರ್ ಇದೆ" ಎಂದಳು. ಅವಳಿಗೆ ಶುಗರ್ ಇರಲಿಲ್ಲ.

ತಂದ ಕಲ್ಲುಗಳಲ್ಲಿ ಒಂದಕ್ಕೆ ಕಪ್ಪು ಗಾಜಿನ ಅಂಚಿತ್ತು. ನೀರು ತಾಗಿದ ಕ್ಷಣದಲ್ಲೇ ತಣಿದು, ಹರಳುಗಟ್ಟಲೂ ಪುರಸೊತ್ತಿಲ್ಲದೆ ಗಾಜಾದ ಹೊರಮೈ ಅದು. ಸ್ಪಂದನಾ ತಾನೇ ಉಜ್ಜುತ್ತೇನೆಂದರೂ ಸೋಮನಾಥ್ ಒಪ್ಪಲಿಲ್ಲ. "ಇದಕ್ಕೆ ವನಿತಾ ಕೈಯೇ ಆಗ್ಬೇಕು."

ವನಿತಾ ಉಜ್ಜುತ್ತ ಹೋದಳು. ಸಾಕಾಗಿದೆಯೆಂದು ಬೆರಳಿಗೆ ತಿಳಿಯಿತು. ಆಚೆ ಕೋಣೆಯಲ್ಲಿ ಸ್ಪಂದನಾ ಯಾರಿಗೋ ಅಲೆಗಳ ಕಥೆ ಹೇಳಿ ನಗುತ್ತಿದ್ದಳು. ವನಿತಾ ಮತ್ತೆ ನಾಲ್ಕು ಸುತ್ತು ತಿರುಗಿಸಿದಳು. ಎತ್ತಿ ನೋಡಿದರೆ ಕಲ್ಲು ಇತ್ತು, ಗಾಜಿನ ಅಂಚು ಇರಲಿಲ್ಲ.

ಉಜ್ಜುವ ಸದ್ದು ನಿಂತದ್ದೇ ಓಡಿ ಬಂದ ಸ್ಪಂದನಾ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವಳೇ ಸಮಾಧಾನ ಹೇಳಿದಳು. "ಹೋಗ್ಲಿ ಬಿಡಿ ಅಕ್ಕ, ಕೈ ಜಾರಿರತ್ತೆ."

ಆ ಸಮಾಧಾನವನ್ನು ವನಿತಾಗೆ ತಡೆಯಲಾಗಲಿಲ್ಲ. "ಜಾರ್ಲಿಲ್ಲ ಕಣೆ. ಬೇಕೂಂತಲೇ ಉಜ್ಜಿದೆ. ನೀನು ಹೋಗಿದ್ದು ನಂಗೆ ಸಹಿಸೋಕಾಗ್ಲಿಲ್ಲ."

ಸ್ಪಂದನಾಳ ಕಣ್ಣು ತುಂಬಿತು. "ಒಂದ್ ಮಾತು ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ ಅಕ್ಕ."

"ಕೊಡ್ತಿದ್ಯಾ?"

ಸ್ಪಂದನಾ ಸ್ವಲ್ಪ ಯೋಚಿಸಿದಳು. "ಇಲ್ಲ" ಎಂದಳು.

ಆ ಕಲ್ಲಿನಲ್ಲಿ ಅಂಚಿರುವ ಇನ್ನೊಂದೇ ಚೂರು ಉಳಿದಿತ್ತು. ಅದನ್ನು ಸ್ಪಂದನಾ ಉಜ್ಜಿದಳು. ವನಿತಾ ಪಕ್ಕದಲ್ಲಿ ನಿಂತು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಹೇಳಿದಳು. ಪಟ್ಟಿ ಚೆನ್ನಾಗಿ ಬಂತು. ನಡೆದದ್ದನ್ನು ವನಿತಾಳೇ ಸೋಮನಾಥ್‌ಗೆ ಹೇಳಿದಳು. ಅವರು ಬೈಯಲಿಲ್ಲ, ಆದರೆ ಆರು ತಿಂಗಳು ಅವಳ ಮೇಜಿಗೆ ಕಟ್ಟಡದ ಗ್ರಾನೈಟ್ ಬಿಟ್ಟು ಬೇರೇನೂ ಬರಲಿಲ್ಲ. ಸ್ಪಂದನಾಳೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಮುಂದಿನ ಹಡಗಿನ ಸುದ್ದಿ ಬಂದಾಗ ವನಿತಾ ಯಾರನ್ನೂ ಕೇಳದೆ ಅವತ್ತೇ ಅರ್ಜಿ ಬರೆದಳು. ಸ್ಪಂದನಾಳೂ ಬರೆದಿದ್ದಾಳೆಂದು ಮಧ್ಯಾಹ್ನ ಗೊತ್ತಾಯಿತು. ಹೊಟ್ಟೆಯಲ್ಲಿ ಮತ್ತೆ ಅದೇ ಉರಿ.