ವಂಜಿರು ಹೇಳಿಕಳಿಸಿದ ಮಾತು

ಗೌರಕ್ಕಾ, ಕೆನ್ಯಾದ ವಂಜಿರು ನಿಮಗೆ ಮೋಸ ಮಾಡಲಿಲ್ಲ. ಮಾಡಿದವಳು ನಾನು. ಆಕೆ ನಿಮಗೆಂದು ಹೇಳಿಕಳಿಸಿದ ಮಾತನ್ನು ನಾನು ತಲುಪಿಸಲಿಲ್ಲ — ಅದರ ಬದಲು ನನ್ನದೇ ಒಂದು ಮಾತು ತಂದುಕೊಟ್ಟೆ.

ಹಿರೇಕೆರೂರಿನ ನಮ್ಮ ಬೀಜದ ಕಂಪನಿ ಕೆನ್ಯಾದಲ್ಲೊಂದು ಬೀಜದ ಕಂಪನಿ ಕೊಳ್ಳುವುದೆಂದರೆ! ಆ ದಿನಗಳ ಸಂಭ್ರಮ ನಿಮಗೂ ನೆನಪಿರಬೇಕು. ಅಬಲೂರಿನ ಹೆಣ್ಣುಮಕ್ಕಳು ಮೆಣಸಿನ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಕ್ರಾಸಿಂಗ್ ಮಾಡುತ್ತ, “ಆ ದೇಶದಾಗೂ ಹಿಂಗ ಹೂವಾ ಮುಟ್ತಾರೇನ್ರಿ?” ಎಂದು ಕೇಳುತ್ತಿದ್ದರು. ತಡಸದಲ್ಲಿ ನಮ್ಮ ಅವ್ವ, ಮಗಳು ವಿಮಾನ ಹತ್ತುತ್ತಾಳೆಂದು ಓಣಿ ತುಂಬ ಹೇಳಿಕೊಂಡು ಬಂದಳು. ನನಗೋ, ಕಾಲು ನೆಲದ ಮೇಲೇ ಇರಲಿಲ್ಲ.

ಹೊರಡುವ ಮುಂಚೆ ನೀವು ಕೂಡಿಸಿಕೊಂಡು ಹೇಳಿದಿರಿ: “ಕಾಣದ ಊರು, ಸುಜಾತಾ. ಪೂರ್ತಿ ತಗೊಂಡ್ರ ಯಾರನ್ನೂ ಕೇಳಬೇಕಾಗಿಲ್ಲ, ಖರೇ. ಆದ್ರ ಅಲ್ಲಿ ರೈತರು ನಮ್ಮ ಮಾರಿ ನೋಡಿ ಬೀಜ ಬೆಳೀತಾರೇನು? ಅಲ್ಲಿ ಮಾಲಕಿ ವಂಜಿರು ನಮ್ಮ ಜೋಡಿ ಇರ್ತೀನಿ ಅಂದ್ರ ಅರವತ್ತು ಪಾಲು ನಮಗ, ನಲವತ್ತು ಆಕಿಗೆ. ಸಾಕಾತು ಅಂದ್ರ ಪೂರ್ತಿ ತಗೊಂಡು ನಿನ್ನ ಕೈಗೆ ಕೊಡ್ತೇನಿ. ಆಕಿ ಮನಸ್ಸು ತಿಳ್ಕೊಂಡು ಬಾ.”

ನಿನ್ನ ಕೈಗೆ — ದಾರಿಯುದ್ದಕ್ಕೂ ಕಿವಿಯಲ್ಲಿ ಅದೊಂದೇ.

ವಂಜಿರು ಮೂರು ದಿನ ನನ್ನನ್ನು ಹೊಲಹೊಲ ತಿರುಗಿಸಿದಳು. ಆ ಕಂಪನಿ ಆಕೆ ಒಬ್ಬಳೇ ಕಟ್ಟಿದ್ದು. ಕೆಂಪು ಮಣ್ಣು, ಸಾಲುಸಾಲು ಮೆಣಸಿನ ಗಿಡ, ನಾನೆಂದೂ ನೋಡದ ತಳಿಗಳು... ಇದೆಲ್ಲ ನಾನು ನೋಡಿಕೊಳ್ಳುವುದು! ನನ್ನ ಕುರ್ಚಿ ಯಾವ ಕಿಟಕಿಯ ಹತ್ತಿರ ಎಂಬುದನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಬಿಟ್ಟಿದ್ದೆ.

ಕೊನೆಯ ದಿನ ಆಕೆ ನನ್ನ ಕೈ ಹಿಡಿದು, ನನ್ನ ಹರಕು ಇಂಗ್ಲಿಷಿಗೆ ತಕ್ಕಂತೆ ನಿಧಾನವಾಗಿ ಹೇಳಿದಳು: “ಪೂರ್ತಿ ಕೊಂಡರೆ ನಾನು ಎದ್ದು ಹೋಗುತ್ತೇನೆ. ನನಗೊಂದು ಪಾಲು ಉಳಿಸಿದರೆ ಇರುತ್ತೇನೆ, ನನ್ನ ರೈತರೂ ಇರುತ್ತಾರೆ. ನಿಮ್ಮ ಯಜಮಾನಿಗೆ ಹೀಗೇ ಹೇಳು.” ಭಾಷೆ ತಿಳಿಯಲಿಲ್ಲ ಎನ್ನಲಾರೆ. ಎರಡು ಸಲ ಹೇಳಿದಳು.

ಊರಿಗೆ ಬಂದೆ. ನೀವು ಆಸೆಗಣ್ಣಿಂದ ಕೇಳಿದಿರಿ — “ಏನಂದ್ಳು?”

“ಆಕಿಗೆ ಸಾಕಾಗೇತ್ರಿ ಅಕ್ಕಾರ. ಪೂರ್ತಿ ತಗೊಂಬಿಡ್ರಿ.”

“ಖರೇನಾ?”

“ಖರೇರಿ.”

ಕಾಗದಪತ್ರ ಮುಗಿದ ದಿನ, ಬೀಗದ ಕೈ ಕೊಡುವಾಗ, ವಂಜಿರು ಕೇಳಿದಳು — “ನಾನು ಹೇಳಿದ್ದನ್ನು ಹೇಳಿದೆಯಾ?” ಹೇಳಿದೆ ಎಂದೆ. ನೀವು ಒಪ್ಪಲಿಲ್ಲ ಎಂದೆ. ಅದು ಎರಡನೆಯ ಸುಳ್ಳು. ಆಕೆ ತಲೆಯಾಡಿಸಿ, ಹಿಂತಿರುಗಿ ನೋಡದೆ ಹೊರಟುಹೋದಳು.

ಆ ಕುರ್ಚಿಯಲ್ಲಿ ಕುಳಿತೆ. ಮೊದಲ ಹಂಗಾಮು — ಎಂಥ ಹುರುಪು ನನ್ನದು! ಎರಡನೆಯ ಹಂಗಾಮಿಗೆ ಅರ್ಧ ರೈತರು ಬರಲಿಲ್ಲ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಅವರೆಲ್ಲ ಬೀಜ ಬೆಳೆಯುತ್ತಿದ್ದದ್ದು ವಂಜಿರುವಿಗಾಗಿ. ಆಕೆ ಅದೇ ಊರಲ್ಲಿ ಸಣ್ಣದೊಂದು ಬೀಜದ ಕೆಲಸ ಶುರುಮಾಡಿದಾಗ ಎಲ್ಲರೂ ಅತ್ತ ಹೋದರು. ನಾವು ಬಾಗಿಲು ಹಾಕಿದೆವು. “ಸಾಕಾತು ಅಂತ ನಂಬಿಸಿ ಕೈ ಕೊಟ್ಳು” ಎಂದಿರಿ ನೀವು. ನಾನು ಹೂಂಗುಟ್ಟಿದೆ. ಇಷ್ಟು ವರ್ಷ, ಆಕೆಯ ಹೆಸರು ಬಂದಾಗಲೆಲ್ಲ ಹೂಂಗುಟ್ಟುತ್ತಲೇ ಬಂದೆ.

ಈಗ ವಿಯೆಟ್ನಾಮಿನ ಕಂಪನಿಯೊಂದನ್ನು ಕೊಳ್ಳುವ ಮಾತು. ಮತ್ತೆ ಆಫೀಸಿನಲ್ಲಿ ಅದೇ ಗದ್ದಲ, ಅದೇ ಕನಸು — ನನಗೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೈ ಜುಮ್ಮೆನ್ನುತ್ತಿದೆ. ಆದರೆ ನಿನ್ನೆ ನೀವು ಹೇಳಿದಿರಿ: “ಈ ಸಲ ಪೂರ್ತಿ ತಗೋಳೋದು. ಹಳೇ ಮಾಲಕರಿಗೆ ಒಂದು ಪಾಲೂ ಬ್ಯಾಡ. ಆ ಹೆಣ್ಮಗಳು ಕಲಿಸ್ಯಾಳಲ್ಲ ನಮಗ!”

ಆಕೆ ಅದನ್ನು ಕಲಿಸಲಿಲ್ಲ, ಅಕ್ಕಾ. ಆಕೆ ಇರುತ್ತೇನೆ ಎಂದಿದ್ದಳು.

ವಂಜಿರುವಿಗೂ ಬರೆದಿದ್ದೇನೆ, ನೀವು ಒಪ್ಪದೇ ಇದ್ದದ್ದಲ್ಲ, ನಿಮಗೆ ಗೊತ್ತೇ ಇರಲಿಲ್ಲ ಎಂದು. ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಬಾಯಿ ನನಗಿಲ್ಲ.

ನಾಳೆಯ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಇದನ್ನೇ ಹೇಳುತ್ತೇನೆ. ಹೊರಗೆ ಹೋಗೆಂದರೆ ಹೋಗುತ್ತೇನೆ — ಆಕೆಯ ಮಾತನ್ನು, ಆಕೆ ಹೇಳಿದ ಹಾಗೆಯೇ, ಪೂರ್ತಿ ಹೇಳಿ ಮುಗಿಸಿದ ಮೇಲೆ.