ಭಾನುವಾರ ಲೆಕ್ಕಕ್ಕಿಲ್ಲ

ಔಷಧಿ ಏಜೆನ್ಸಿಯವರು ಮೊನ್ನೆ ಹೊಸ ವರ್ಷದ ಕ್ಯಾಲೆಂಡರ್ ಕೊಟ್ಟು ಹೋದರು. ಸುರುಳಿ ಬಿಚ್ಚಿದ ಕೂಡಲೇ ಇಂಕಿನ ವಾಸನೆ ಮೂಗಿಗೆ ಬಡಿಯಿತು. ಸಾಲಾಗಿ ಕೆಂಪಗೆ ಭಾನುವಾರಗಳು ಕಂಡವು, ನನಗೆ ಮೈಯೆಲ್ಲ ಉರಿಯಿತು. ಕ್ಯಾಲೆಂಡರ್ ನೋಡಿದರೆ ಯಾರಿಗಾದರೂ ಸಿಟ್ಟು ಬರುತ್ತದಾ? ನನಗೆ ಬರುತ್ತದೆ, ಪ್ರತಿ ವರ್ಷ. ಬಸ್ಸಣ್ಣ ನೆನಪಾಗುತ್ತಾನೆ...

ಬೊಮ್ಮಸಂದ್ರದಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಎದುರಿಗೇ ಫ್ಯಾಕ್ಟರಿ ಬಸ್ಸುಗಳು ನಿಲ್ಲುವ ಜಾಗ. ಅದರಲ್ಲೊಂದು ಬಸ್ಸು ಓಡಿಸುತ್ತಿದ್ದವನನ್ನು ನಾನು ಬಸ್ಸಣ್ಣ ಅನ್ನುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವನು, ಆದರೂ ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದ. ಇಲ್ಲಿಯದೇ ಹಳೇ ಊರಿನವನು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಫ್ಯಾಕ್ಟರಿ ಗೇಟು. "ನಮ್ಮಪ್ಪ ಉಳ್ತಿದ್ದ ಜಾಗ್ದಲ್ಲೇ ನಾನು ರಿವರ್ಸ್ ಒಡೀತೀನಿ ಕಣಕ್ಕಾ" ಅಂತ ತಾನೇ ನಗುತ್ತಿದ್ದ. ದಿನಾ ಮೊದಲ ಶಿಫ್ಟಿನವರನ್ನು ಇಳಿಸಿ ನನ್ನ ಅಂಗಡಿಗೆ ಬಂದು ಎರಡು ಶುಂಠಿ ಪೆಪ್ಪರಮೆಂಟು ತಗೊಂಡು ಹೋಗುತ್ತಿದ್ದ.

ಆ ಶುಕ್ರವಾರ ಪೆಪ್ಪರಮೆಂಟು ಕೇಳಲಿಲ್ಲ. ಗಿರಾಕಿಗಳೆಲ್ಲ ಹೋಗಲಿ ಅಂತ ಕಾದ. ಆಮೇಲೆ ಕೌಂಟರಿನ ಮೇಲೆ ಬಗ್ಗಿ, "ಅಕ್ಕಾ, ನಿನ್ನೆ ಸಾಯಂಕಾಲ ಒಂದು ತಪ್ಪು ಮಾಡ್ಬಿಟ್ಟೆ. ಬೊಮ್ಮನಹಳ್ಳಿ ಕಡೆ ಲಾಡ್ಜು... ಕಾಂಡೋಮ್ ಅರ್ದೋಯ್ತು. ಏಡ್ಸು ಗೀಡ್ಸು ಬಂದ್ರೆ ಮನೆಯೋಳ ಗತಿ ಏನು? ಏನಾರ ಮಾತ್ರೆ ಐತಾ?" ಅಂದ.

ಬೈಯೋಣ ಅನ್ನಿಸಿತು. ಮುಖ ನೋಡಿದ ಮೇಲೆ ಮನಸ್ಸಾಗಲಿಲ್ಲ. ಮಾತ್ರೆ ಇದೆ. ಎಪ್ಪತ್ತೆರಡು ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಆಮೇಲೆ ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕು. ಸೋಂಕು ಅಂಟದ ಹಾಗೆ ತಡೆಯುವ ಸಾಧ್ಯತೆ ತುಂಬಾ ಇದೆ. ಆದರೆ ಡಾಕ್ಟರು ನೋಡಿ, ರಕ್ತ ಪರೀಕ್ಷೆ ಮಾಡಿ ಕೊಡುವಂಥದ್ದು ಅದು, ನನ್ನ ಅಂಗಡಿಯಲ್ಲಿ ಇರಲಿಲ್ಲ. ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ತುರ್ತು ವಿಭಾಗ ಭಾನುವಾರವೂ ತೆಗೆದೇ ಇರುತ್ತದೆ. ಇಷ್ಟೂ ನನಗೆ ಗೊತ್ತಿತ್ತು. ಓದಿದವಳು ಅಂತ ಗೋಡೆಗೆ ಸರ್ಟಿಫಿಕೇಟ್ ಬೇರೆ ನೇತು ಹಾಕಿದ್ದೇನೆ, ಥೂ!

ಅಷ್ಟರಲ್ಲಿ ಪಕ್ಕದ ಬೀದಿಯ ಆಂಟಿಯೊಬ್ಬರು ಮೊಮ್ಮಗುವಿಗೆ ಡೈಪರ್ ಬೇಕು ಅಂತ ಬಂದು ನಿಂತರು. ಅವರ ಕಿವಿ ಎಂಥದ್ದು ಅಂತ ಬೀದಿಗೆಲ್ಲ ಗೊತ್ತು. ನಾನು ದನಿ ತಗ್ಗಿಸಿ, "ದೊಡ್ಡಾಸ್ಪತ್ರೆಗೆ ಹೋಗಿಬಿಡಣ್ಣ, ಮೂರು ದಿನ ಟೈಮಿದೆ" ಅಂದುಬಿಟ್ಟೆ. ಅಷ್ಟೇ. ಗಂಟೆ ಅನ್ನುವ ಪದ ಬಾಯಿಂದ ಬರಲೇ ಇಲ್ಲ. ನನ್ನ ನಾಲಿಗೆಗೆ ಏನು ದಾಡಿ ಬಂದಿತ್ತೋ! ಅವನು ತಲೆಯಾಡಿಸಿ ಬಸ್ಸು ಹತ್ತಿದ, ನಾನು ಡೈಪರ್ ಕಟ್ಟಿಕೊಟ್ಟೆ.

ಶನಿವಾರ ಬೆಳಿಗ್ಗೆ ಶಿಫ್ಟಿನವರನ್ನು ಇಳಿಸಿ, ಅಂಗಡಿಗೆ ಬರದೆ ಹಾಗೇ ಹೊರಟುಹೋದ. ಹೋಗಿ ಬಂದಿರುತ್ತಾನೆ, ನಾಚಿಕೆ ಪಡುತ್ತಿದ್ದಾನೆ ಅಂದುಕೊಂಡೆ. ಅವನ ನಂಬರು ನನ್ನ ಫೋನಿನಲ್ಲೇ ಇತ್ತು. ಒಂದು ಸಲ ಒತ್ತಿದ್ದರೆ ಆಗುತ್ತಿತ್ತು...

ಸೋಮವಾರ ಮಧ್ಯಾಹ್ನ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಟೈಮ್ ಮುಗ್ದೋಗೈತಂತೆ ಅಕ್ಕಾ. ಈಗ ಕೊಟ್ರೂ ಪ್ರಯೋಜನ ಇಲ್ಲ ಅಂದ್ರು."

"ಇವತ್ತು ಹೋಗಿದ್ಯಾ? ಮೂರು ದಿನ ಅಂತ ಹೇಳಿದ್ದೆನಲ್ಲಾ!"

ಅವನು ಬೆರಳು ಮಡಚಿ ಎಣಿಸಿದ. "ಶುಕ್ರವಾರ ಒಂದು, ಶನಿವಾರ ಎರಡು. ಭಾನುವಾರ ವೀಕ್ ಆಫು, ಲೆಕ್ಕಕ್ಕಿಲ್ಲ. ಇವತ್ತು ಮೂರು. ಸರಿಯಾಗೇ ಓಗಿದೀನಲ್ಲಕ್ಕಾ?"

ಅವರ ಫ್ಯಾಕ್ಟರಿಯಲ್ಲಿ ರಜಾ ಅರ್ಜಿಯಿರಲಿ, ಡಾಕ್ಟರ್ ಸರ್ಟಿಫಿಕೇಟಿರಲಿ, ಮೂರು ದಿನ ಅಂದರೆ ಭಾನುವಾರ ಬಿಟ್ಟು ಮೂರು ದಿನ. ಇಪ್ಪತ್ತು ವರ್ಷ ಹಾಗೇ ಎಣಿಸಿದವನು ಅವನು. ಎರಡು ದಿನ ಬದಲಿ ಡ್ರೈವರ್ ಸಿಕ್ಕಿರಲಿಲ್ಲ, ಅದಕ್ಕೆ ನಿಯತ್ತಾಗಿ ಸೋಮವಾರಕ್ಕೆ ರಜ ಬರೆಸಿದ್ದ. ಭಾನುವಾರ ಪೂರ್ತಿ ಮನೆಯಲ್ಲೇ ಇದ್ದನಂತೆ. ಉಂಡು ಮಲಗಿದ್ದನಂತೆ!

"ಅಯ್ಯೋ ಅಣ್ಣಾ, ಆ ವೈರಸ್ಸಿಗೆ ವೀಕ್ ಆಫ್ ಇರುತ್ತಾ?" ಅಂತ ಕಿರುಚಿಬಿಟ್ಟೆ. ಅಂಗಡಿ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಶುಕ್ರವಾರ ಬರದ ದನಿ ಆವತ್ತು ಎಲ್ಲಿಂದ ಬಂತೋ.

ಆಸ್ಪತ್ರೆಯಲ್ಲಿ ರಕ್ತ ನೋಡಿ ನೆಗೆಟಿವ್ ಅಂದಿದ್ದರು. ಆದರೆ ಇಷ್ಟು ಬೇಗ ಗೊತ್ತಾಗುವುದಿಲ್ಲ, ಮತ್ತೆ ಒಂದೂವರೆ ತಿಂಗಳಿಗೆ, ಮೂರು ತಿಂಗಳಿಗೆ ಬಾ, ಅಲ್ಲೀವರೆಗೆ ಹೆಂಡತಿ ಹತ್ತಿರ ಹುಷಾರು ಅಂತ ಹೇಳಿ ಕಳಿಸಿದ್ದರು. "ಅವ್ಳಿಗೆ ಏನಂತ ಏಳ್ಲಿ?" ಅಂತ ಕೇಳಿದ. ನಿಜ ಹೇಳು ಅಂದೆ. ಆಗಲ್ಲ ಅಂದ. ಮುಂದಿನ ವಾರ ನೋಡಿದರೆ ಕಪ್ಪು ಪಂಚೆ, ಕೊರಳಲ್ಲಿ ಅಯ್ಯಪ್ಪನ ಮಾಲೆ. ವ್ರತದಲ್ಲಿ ಇರುವವನನ್ನು ಮನೆಯಲ್ಲಿ ಯಾಕೆ ದೂರ ಮಲಗುತ್ತೀಯ ಅಂತ ಯಾರೂ ಕೇಳುವುದಿಲ್ಲವಲ್ಲ. ಬಸ್ಸಿನವರೆಲ್ಲ "ಸ್ವಾಮಿ, ಸ್ವಾಮಿ" ಅಂತ ಕೈ ಮುಗಿಯುತ್ತಿದ್ದರು. ಅವನು ನನ್ನ ಅಂಗಡಿ ಕಡೆ ನೋಡಿ ತಲೆ ತಗ್ಗಿಸುತ್ತಿದ್ದ. ನಾನೂ ತಗ್ಗಿಸುತ್ತಿದ್ದೆ.

ಮಾಲೆ ಇಳಿಸಿದ ಮೇಲೆ ಬೆನ್ನುನೋವು ಅಂತ ನೆವ ಹೇಳಿಕೊಂಡು ಕಾದ. ಕೊನೆಯ ಪರೀಕ್ಷೆ ಆದ ದಿನ ಬಂದು, "ಬಂದೈತೆ ಅಕ್ಕಾ" ಅಂದ. ಅದೊಂದೇ ಮಾತು. ಈಗ ದಿನಾ ಮಾತ್ರೆ ತಗೊಂಡರೆ ಎಲ್ಲರ ಹಾಗೆ ಬದುಕಬಹುದು, ಹೆದರಬೇಡ, ಹೆಂಡತಿಗೆ ಹೇಳು ಅಂದೆ. ಕೊನೆಗೂ ಹೇಳಿದ. ಅವಳ ರಕ್ತದಲ್ಲಿ ಏನೂ ಇರಲಿಲ್ಲ. ಆದರೆ ಅವಳು ಅವನ ಜೊತೆ ಮಾತು ಬಿಟ್ಟಳು ಅಂತ ಕೇಳಿದೆ. ನನ್ನನ್ನು ಅವನು ಒಂದು ದಿನವೂ ದೂರಲಿಲ್ಲ. ದೂರಿದ್ದರೇ ಚೆನ್ನಾಗಿತ್ತು. ಕಡೆಯ ಸಲ ಬಂದಾಗ ಎರಡು ಪೆಪ್ಪರಮೆಂಟು ತಗೊಂಡು, ಪೀಣ್ಯ ಕಡೆ ಯಾವುದೋ ಕಂಪನಿ ಬಸ್ಸಿಗೆ ಸೇರಿಕೊಂಡೆ ಅಂದ. ಆಮೇಲೆ ಈ ಕಡೆ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ...

ಈಗ ಯಾರು ಬಂದು ಪಿಸುಗುಟ್ಟಿದರೂ ನಾನು ಪಿಸುಗುಟ್ಟುವುದಿಲ್ಲ. ಡೈಪರ್ ಆಂಟಿ ಪಕ್ಕದಲ್ಲೇ ನಿಂತಿರಲಿ, ಇಂಥ ವಾರ, ಇಷ್ಟು ಗಂಟೆಯೊಳಗೆ ಅಂತ ಗಟ್ಟಿಯಾಗಿ ಹೇಳಿ ಚೀಟಿಯಲ್ಲೂ ಬರೆದುಕೊಡುತ್ತೇನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವಳು ನಾನು.

ಮೊನ್ನೆಯೂ ಕಪ್ಪು ಮಾರ್ಕರ್ ಹಿಡಿದು ಕೂತೆ. ಕೆಂಪಂಕಿಗಳ ಮೇಲೆಲ್ಲ ತಿದ್ದಿ ತಿದ್ದಿ ಅವನ್ನೂ ಬೇರೆ ದಿನಗಳ ಹಾಗೆ ಕಪ್ಪು ಮಾಡಿದೆ. ಮಾತ್ರೆ ಕೊಳ್ಳಲು ಬಂದವರೊಬ್ಬರು, "ಏನ್ ಮೇಡಂ, ನಿಮ್ ಕ್ಯಾಲೆಂಡರಲ್ಲಿ ಭಾನುವಾರನೇ ಇಲ್ವಾ?" ಅಂತ ನಕ್ಕರು.

"ಇದೆ ಸಾರ್" ಅಂದೆ. "ಅದಕ್ಕೂ ಇಪ್ಪತ್ನಾಲ್ಕು ಗಂಟೆ ಇದೆ." ಇದನ್ನು ಆ ಶುಕ್ರವಾರ ಅಂದಿದ್ದರೆ ಸಾಕಿತ್ತು.